ತೊಂದರೆ ಯಾರಿಗೆ?

ಬೆಳಗಿನ ಗಂಟೆ ಹೊಡೆದು ಹತ್ತು ನಿಮಿಷವಾಗಿತ್ತು. ಪಿಂಗಾಣಿ ಕಾರ್ಖಾನೆಯ ಉದ್ದನೆಯ ಶೆಡ್ಡಿನೊಳಗೆ ಟಣ್, ಟಣ್ ಎಂಬ ಸದ್ದು ಆಗಲೇ ಶುರುವಾಗಿತ್ತು. ಭಟ್ಟಿಯಿಂದ ಬಂದ ಕಪ್‌ಗಳನ್ನು ಒಂದೊಂದಾಗಿ ಎತ್ತಿ, ಅಂಚಿಗೆ ಮರದ ಕಡ್ಡಿಯಿಂದ ತಟ್ಟಿ, ಕಿವಿಗೊಟ್ಟು ಕೇಳುವುದು ಅಲ್ಲಿನ ಒಬ್ಬಾಕೆಯ ಕೆಲಸ. ಟಣ್ ಎಂದರೆ ಕಪ್ ಗಟ್ಟಿ. ಟಪ್ ಎಂದರೆ ಎಲ್ಲೋ ಕಣ್ಣಿಗೆ ಕಾಣದ ಬಿರುಕು. ಹತ್ತೊಂಬತ್ತು ವರ್ಷಗಳಿಂದ ಇದನ್ನೇ ಮಾಡುತ್ತಿದ್ದ ಅವಳನ್ನು ಶೆಡ್ಡಿನಲ್ಲಿ ಟಣ್ಣಕ್ಕ ಎಂದೇ ಕರೆಯುತ್ತಿದ್ದರು. ಅವಳು "ಸರಿಯಿಲ್ಲ" ಎಂದು ಪಕ್ಕದ ಬುಟ್ಟಿಗೆ ಹಾಕಿದ ಕಪ್ಪನ್ನು ಯಾರೂ ಮತ್ತೆ ಎತ್ತಿ ನೋಡುತ್ತಿರಲಿಲ್ಲ. ಮ್ಯಾನೇಜರು ಕೂಡ ನೋಡುತ್ತಿರಲಿಲ್ಲ.

ಅವಳ ಮೇಜಿನಿಂದ ನಾಲ್ಕು ಮೇಜು ಆಚೆ ಕಿವಿಯಣ್ಣ ಕೂರುತ್ತಿದ್ದ. ಕಪ್ಪಿನ ಹಿಡಿಗೆ ಅಲ್ಲಿಯವರು ಕಿವಿ ಎನ್ನುತ್ತಿದ್ದರು; ಹಸಿ ಕಪ್ಪಿಗೆ ಕಿವಿ ಅಂಟಿಸುವವನು ಕಿವಿಯಣ್ಣನಾಗದೆ ಇನ್ನೇನಾಗುತ್ತಾನೆ? ಐವತ್ತಾರರ, ತೆಳ್ಳಗಿನ, ಭುಜ ಸ್ವಲ್ಪ ಬಾಗಿದ ಮನುಷ್ಯ. ಹಿಡಿಯ ಎರಡೂ ತುದಿಗೆ ಮೊಳೆಯಿಂದ ಗೀರು ಹಾಕಿ, ನೀರಾಗಿ ಕದಡಿದ ಮಣ್ಣು ಸವರಿ, ಕಪ್ಪಿನ ಮೈಗೆ ಒತ್ತಿ, ಒದ್ದೆ ಸ್ಪಂಜಿನಿಂದ ಸುತ್ತ ಒರೆಸಿ ಹಲಗೆಯ ಮೇಲಿಡುತ್ತಿದ್ದ. ದಿನಕ್ಕೆ ನಾನೂರು ಕಪ್. ಅವನು ಅಂಟಿಸಿದ ಕಿವಿ ಭಟ್ಟಿಯಲ್ಲಿ ಕಳಚಿ ಬಿದ್ದದ್ದನ್ನು ಟಣ್ಣಕ್ಕ ನೋಡಿದ್ದೇ ಅಪರೂಪ. ಆ ದಿನವೂ ಅವನು ಅದೇ ಕೆಲಸವನ್ನು ಅಷ್ಟೇ ಅಚ್ಚುಕಟ್ಟಾಗಿ ಮಾಡುತ್ತಿದ್ದ. ಮಾಡುತ್ತಲೇ ಅಳುತ್ತಿದ್ದ.

ಅಳುವುದು ಎಂದರೆ ಬಿಕ್ಕುವುದಲ್ಲ, ಗೋಳಾಡುವುದೂ ಅಲ್ಲ. ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿತ್ತು, ಅಷ್ಟೆ. ಗಲ್ಲದ ತನಕ ಬಂದು ಎದೆಯ ಮೇಲಿನ ಏಪ್ರನ್ನಿಗೆ ತೊಟ್ಟಿಕ್ಕುತ್ತಿತ್ತು. ಕೈಯೆಲ್ಲ ಮಣ್ಣಾದ್ದರಿಂದ ಅವನು ಒರೆಸಿಕೊಳ್ಳುತ್ತಿರಲಿಲ್ಲ. ಅವನ ಹೆಂಡತಿ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು.

ಹತ್ತು ಗಂಟೆಯ ಹೊತ್ತಿಗೆ ಮ್ಯಾನೇಜರು ತಮ್ಮ ಗಾಜಿನ ಕೋಣೆಯಿಂದ ಕೈಸನ್ನೆ ಮಾಡಿ ಟಣ್ಣಕ್ಕನನ್ನು ಕರೆದರು. ನಲವತ್ತರ ಆಸುಪಾಸಿನ ಮನುಷ್ಯ. ಗದರುವ ಗುಣವಿರಲಿಲ್ಲ, ಗದರುವ ಕೆಲಸ ಮಾತ್ರ ಇತ್ತು. ಆ ಕೆಲಸ ಬಂದಾಗಲೆಲ್ಲ ಅವರು ಪೆನ್ನಿನ ಮುಚ್ಚಳವನ್ನು ಹಾಕುತ್ತ ತೆಗೆಯುತ್ತ ಕೂರುತ್ತಿದ್ದರು.

"ಕೂತ್ಕೊಳ್ಳಿ ಅಕ್ಕ. ಒಂದು ಕಷ್ಟದ ಕೆಲಸ ಇದೆ."

"ಹೇಳಿ ಸಾರ್."

"ಕಿವಿಯಣ್ಣನ ವಿಷಯ." ಮುಚ್ಚಳ ಟಿಕ್ ಎಂದಿತು. "ಮುಂದಿನ ವಾರ ಖರೀದಿದಾರರು ಬರ್ತಾರೆ. ಹೋದ ಸಲ ಬಂದಾಗ ಒಬ್ಬರು ಅವರನ್ನ ನೋಡಿ ನನ್ನ ಹತ್ರ ಏನು ಕೇಳಿದ್ರು ಗೊತ್ತಾ? ಇಲ್ಲಿ ಕೆಲಸದವರನ್ನ ಹೊಡೀತೀರಾ ಅಂತ ಕೇಳಿದ್ರು! ನಾನು ಏನು ಹೇಳಲಿ? ಕಣ್ಣಿಗೆ ಧೂಳು ಬಿದ್ದಿದೆ ಅಂದೆ. ಸುಳ್ಳು ಹೇಳೋಕೂ ಒಂದು ಮಿತಿ ಬೇಡವಾ?"

"ಅವರ ಕೆಲಸದಲ್ಲಿ ತಪ್ಪಿಲ್ಲವಲ್ಲ ಸಾರ್."

"ತಪ್ಪಿದ್ದಿದ್ರೆ ಸುಲಭ ಆಗ್ತಿತ್ತು." ಅವರು ನಿಟ್ಟುಸಿರು ಬಿಟ್ಟರು. "ಶೆಡ್ಡಿನ ಜನ ಬೇರೆ ದೂರ್ತಾ ಇದ್ದಾರೆ. ಅವರನ್ನ ಗೋದಾಮಿಗೆ ಹಾಕೋಣ ಅಂತ ಮೇಲಿನವರು ಹೇಳಿದ್ದಾರೆ. ರಟ್ಟಿನ ಪೆಟ್ಟಿಗೆ ಮಡಚೋ ಕೆಲಸ. ಸಂಬಳ ಕಡಿಮೆ ಆಗಲ್ಲ, ಶ್ರಮಾನೂ ಇಲ್ಲ, ಯಾರ ಕಣ್ಣಿಗೂ ಬೀಳಲ್ಲ. ಅವರಿಗೂ ನೆಮ್ಮದಿ. ಆದ್ರೆ ಸುಮ್ಮನೆ ಹಾಕೋಕಾಗಲ್ಲ, ಈ ವರದಿ ತುಂಬಬೇಕು."

ಅವರು ಒಂದು ಹಾಳೆಯನ್ನು ಮುಂದೆ ಸರಿಸಿದರು. ಮೇಲೆ "ಅಸಹಜ ವರ್ತನೆಯ ವರದಿ" ಎಂದು ಅಚ್ಚಾಗಿತ್ತು. ಕೆಳಗೆ ಅರ್ಧ ಆಗಲೇ ತುಂಬಿತ್ತು: ಕೆಲಸದ ಹೊತ್ತಿನಲ್ಲಿ ಅಳುತ್ತಾರೆ. ಒಂಟಿಯಾಗಿ ಊಟ ಮಾಡುತ್ತಾರೆ. ಯಾರೊಂದಿಗೂ ಬೆರೆಯುವುದಿಲ್ಲ. ಅದರ ಕೆಳಗೆ "ಯಾರಿಗೆ ತೊಂದರೆ" ಎಂಬ ಅಂಕಣ, ಆರು ಖಾಲಿ ಗೆರೆ, ಪ್ರತಿ ಗೆರೆಯ ಕೊನೆಗೆ ಸಹಿಗೆ ಜಾಗ.

"ತೊಂದರೆ ಆದವರ ಹೆಸರು, ಏನು ತೊಂದರೆ, ಸಹಿ. ನಾನು ಕೇಳಿದ್ರೆ ಜನ ಹೆದರ್ತಾರೆ. ನಿಮ್ಮ ಮಾತು ಅಂದ್ರೆ ಶೆಡ್ಡಲ್ಲಿ ಎಲ್ಲರಿಗೂ ನಂಬಿಕೆ. ನೀವೇ ಬರೆಸಿಕೊಂಡು ಬನ್ನಿ."

ಟಣ್ಣಕ್ಕ ಹಾಳೆಯನ್ನು ನೋಡಿದಳು. ಅವಳಿಗೆ ಅದರಲ್ಲಿ ಅನ್ಯಾಯವೇನೂ ಕಾಣಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಹಗುರವೆನಿಸಿತು. ನಾಲ್ಕು ಮೇಜಿನಾಚೆ ದಿನವೂ ಅಳುವ ಒಬ್ಬ ಗಂಡಸನ್ನು ನೋಡದಂತೆ ನೋಡುತ್ತ ಕೂರುವುದು ಅವಳಿಗೂ ಸಾಕಾಗಿತ್ತು.

"ಒಂದು ಕೇಳ್ತೀನಿ ಸಾರ್. ಹೆಂಡತಿ ಸತ್ತರೆ ಎಷ್ಟು ದಿನ ರಜೆ?"

"ನಿಯಮದ ಪ್ರಕಾರ ಮೂರು."

"ಮೂರೇ ಅಂತ ಯಾರು ಮಾಡಿದ್ದು?"

ಮ್ಯಾನೇಜರು ಗೋಡೆಯ ಮೇಲಿನ ಕ್ಯಾಲೆಂಡರಿನಲ್ಲಿ ಉತ್ತರ ಇದೆಯೇನೋ ಎಂಬಂತೆ ಅತ್ತ ನೋಡಿದರು. "ನಾನು ಬರೋಕೆ ಮುಂಚೆನೇ ಇತ್ತು," ಎಂದರು.

ಮಧ್ಯಾಹ್ನದ ಊಟದ ಹೊತ್ತಿಗೆ ಟಣ್ಣಕ್ಕ ಹಾಳೆ, ಪೆನ್ನು ಹಿಡಿದು ಹೊರಟಳು. ಆರು ಸಹಿ ಏನು ಮಹಾ, ಅರ್ಧ ಗಂಟೆಯ ಕೆಲಸ ಎಂದುಕೊಂಡಿದ್ದಳು. ಮೊದಲು ಸಿಕ್ಕವಳು ಶೆಡ್ಡೆಲ್ಲ ಅತ್ತಿಗೆ ಎನ್ನುತ್ತಿದ್ದ ಪ್ಯಾಕಿಂಗಿನವಳು. ಊರೆಲ್ಲದರ ಸುದ್ದಿ ಅವಳ ಡಬ್ಬಿಯಲ್ಲೇ ಇರುತ್ತಿತ್ತು. ಊಟಕ್ಕಿಂತ ಮೊದಲು ಅದನ್ನೇ ಬಿಚ್ಚುತ್ತಿದ್ದಳು.

"ಅಬ್ಬಾ, ಅಂತೂ ಬರ್ಕೊಳ್ಳೋಕೆ ಬಂದ್ರಲ್ಲ!" ಎಂದಳು ಅತ್ತಿಗೆ. "ಹನ್ನೊಂದು ತಿಂಗಳು ಅಂದ್ರೆ ಏನಕ್ಕ? ಹಸುಗೂಸು ಕೂಡ ಅಷ್ಟು ಅಳಲ್ಲ. ಎಲ್ಲರೂ ಅಳುಮುಂಜಿ ಅಂತಾರೆ."

"ಸರಿ, ನಿನಗೆ ಏನು ತೊಂದರೆ ಆಯ್ತು ಹೇಳು, ಬರೀತೀನಿ."

"ನನಗಾ?" ಅತ್ತಿಗೆಯ ತುತ್ತು ಅರ್ಧದಲ್ಲೇ ನಿಂತಿತು. "ನನಗೇನಿಲ್ಲಪ್ಪ. ನಾನು ಆ ಮೂಲೇಲಿ ಇರ್ತೀನಿ, ಅವರ ಬೆನ್ನು ಬಿಟ್ರೆ ಏನೂ ಕಾಣಲ್ಲ. ಪಾಪ, ಆ ಗೀಟಿನ ಹುಡುಗಿಗೆ ಭಯ ಆಗುತ್ತಂತೆ. ಅವರ ಕಡೆಗೇ ಮುಖ ಮಾಡಿ ಕೂರ್ತಾಳಲ್ಲ."

ಗೀಟಿನ ಹುಡುಗಿ ಎಂದರೆ ಕಪ್ಪಿನ ಅಂಚಿಗೆ ನೀಲಿ ಗೀಟು ಎಳೆಯುವವಳು. ಟಣ್ಣಕ್ಕನ ಪಕ್ಕದ ಮೇಜೇ ಅವಳದು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. ಕುಂಚ ತೊಳೆಯುತ್ತ ನಿಂತಿದ್ದವಳು ಮಾತು ಕೇಳಿ ಕಣ್ಣರಳಿಸಿದಳು.

"ಭಯಾನಾ? ಇಲ್ಲ ಅಕ್ಕ. ಮೊದಲ ದಿನ ಗಾಬರಿ ಆಯ್ತು, ನಿಜ. ಏನಾಯ್ತು ಸಾರ್ ಅಂತ ಕೇಳೋಣ ಅಂತ ಎದ್ದೆ. ಅಷ್ಟರಲ್ಲಿ ಯಾರೋ, ಅವರ ಹತ್ರ ಹೋಗ್ಬೇಡ, ಅವರು ಸರಿಯಿಲ್ಲ ಅಂದ್ರು. ಹಾಗಾಗಿ ಹೋಗಲಿಲ್ಲ." ಅವಳು ದನಿ ತಗ್ಗಿಸಿದಳು. "ನನಗೇನೂ ಇಲ್ಲ. ಆದ್ರೆ ಭಟ್ಟಿಯಣ್ಣಂಗೆ ಕಷ್ಟ ಅಂತೆ. ಅವರಿಗೆ ಹಾರ್ಟ್ ಆಪರೇಷನ್ ಆಗಿದೆಯಲ್ಲ, ಇಂಥದ್ದನ್ನೆಲ್ಲ ನೋಡಬಾರದಂತೆ."

ಭಟ್ಟಿಯಣ್ಣ ಹೊರಗೆ ಕಟ್ಟೆಯ ಮೇಲೆ ಕಾಲು ಚಾಚಿ ಕೂತಿದ್ದ. ಶೆಡ್ಡಿನಲ್ಲಿ ಎಲ್ಲರಿಗಿಂತ ಹಳಬ. ವಿಷಯ ಕೇಳಿದವನೇ ಹೊಟ್ಟೆ ಕುಲುಕುವಂತೆ ನಕ್ಕ.

"ಯಾವನು ಹೇಳಿದ್ದು ನನ್ನ ಗುಂಡಿಗೆ ವೀಕು ಅಂತ? ಸಾವಿರದ ಇನ್ನೂರು ಡಿಗ್ರಿ ಮುಂದೆ ನಿಲ್ಲೋನು ನಾನು. ಒಬ್ಬ ಮನುಷ್ಯನ ಕಣ್ಣೀರು ನೋಡಿ ಉದುರಿ ಬೀಳ್ತೀನಾ?" ಆಮೇಲೆ ನಗು ನಿಲ್ಲಿಸಿ ಹಾಳೆಯನ್ನು ತೆಗೆದುಕೊಂಡು ಓದಿದ. ಓದುತ್ತ ಓದುತ್ತ ಮುಖ ಗಂಟಾಯಿತು. "ಒಂಟಿಯಾಗಿ ಊಟ ಮಾಡ್ತಾನೆ ಅಂತ ಬರೆದಿದ್ದಾರೆ. ನಾವು ಎದ್ದು ಹೋಗಿದ್ದಕ್ಕೆ ತಾನೆ ಅವನು ಒಂಟಿ ಆಗಿದ್ದು?"

"ನೀವೂ ಎದ್ದು ಹೋದ್ರಾ ಅಣ್ಣ?"

"ಹೋದೆ," ಎಂದ ಭಟ್ಟಿಯಣ್ಣ. ಮುಚ್ಚಿಡುವ ಸ್ವಭಾವ ಅವನದಲ್ಲ. "ಎಲ್ಲರೂ ಆ ಕಡೆ ಕೂತ್ರು, ನಾನೂ ಕೂತೆ. ಆಫೀಸ್ ಗೋಡೆ ಮೇಲೆ ದೋಷದ ಮಾದರಿ ಹಲಗೆ ಇದೆಯಲ್ಲ, ಅದರಲ್ಲಿ ಒಂಬತ್ತನೇದು ಕಂದು ಚುಕ್ಕಿ. ನಾನು ಸೇರಿದಾಗ ಅದು ದೋಷ ಆಗಿರಲಿಲ್ಲ ಗೊತ್ತಾ? ಮಣ್ಣು ಅಂದಮೇಲೆ ಚುಕ್ಕಿ ಇರುತ್ತೆ, ಮಚ್ಚೆ ಇದ್ದ ಹಾಗೆ, ಅಂತಿದ್ವಿ. ಯಾರೋ ಒಬ್ಬ ಒಂದು ಪೆಟ್ಟಿಗೆ ವಾಪಸ್ ಕಳಿಸ್ದ. ಮಾರನೇ ದಿನ ಹಲಗೆ ಮೇಲೆ ಬಂತು. ಈಗ ಚುಕ್ಕಿ ಕಂಡ್ರೆ ನನಗೇ ಮೈ ಉರಿಯುತ್ತೆ. ಮಣ್ಣು ಬದಲಾಗಲಿಲ್ಲ, ನನ್ನ ಕಣ್ಣು ಬದಲಾಯ್ತು."

"ಹಾಗಾದ್ರೆ ಇದನ್ನ ಶುರು ಮಾಡಿದ್ದು ಯಾರು?"

"ನನಗೆ ಹೇಳಿದ್ದು ಎರಕದವನು. ಅವನನ್ನೇ ಕೇಳು."

ಎರಕದವನು ಅಚ್ಚುಗಳಿಗೆ ಮಣ್ಣಿನ ನೀರು ಹೊಯ್ಯುವ, ತೋಳಿನ ತುಂಬ ಬಿಳಿ ಮೆತ್ತಿಕೊಂಡ ಯುವಕ. ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ಟಣ್ಣಕ್ಕನನ್ನೂ ಅವಳ ಕೈಯಲ್ಲಿದ್ದ ಹಾಳೆಯನ್ನೂ ನೋಡಿ ತಲೆ ಕೆರೆದುಕೊಂಡ.

"ನಾನು ಹೇಳಿದ್ದು ಹೌದಕ್ಕ. ಆದ್ರೆ ಅದು ನನ್ನ ಮಾತಲ್ಲ."

"ಮತ್ತೆ ಯಾರದ್ದು?"

ಅವನು ಅತ್ತಿತ್ತ ನೋಡಿದ. "ನಿಮ್ಮದೇ ಅಲ್ವಾ?"

"ನಂದಾ?"

"ಅವರ ಮನೆಯವರು ಹೋಗಿ ಮೂರು ತಿಂಗಳಾಗಿತ್ತು. ಚಹಾಕ್ಕೆ ಸಾಲಲ್ಲಿ ನಿಂತಿದ್ವಿ. ನೀವು ಅವರ ಕಡೆ ನೋಡಿ, ಇನ್ನೂ ಅಳ್ತಾ ಇದ್ದಾರಾ, ಇದು ಸರಿಯಿಲ್ಲಪ್ಪ, ಅಂದ್ರಿ. ಅಲ್ಲೀವರೆಗೆ ನಾನು ದಿನಾ ಅವರ ಹತ್ರಾನೇ ಕೂತು ಊಟ ಮಾಡ್ತಿದ್ದೆ. ಅವರ ಮನೆಯವರ ಕಥೆ ಹೇಳೋರು, ಚೆನ್ನಾಗಿರ್ತಿತ್ತು. ನೀವು ಸರಿಯಿಲ್ಲ ಅಂದಮೇಲೆ..." ಅವನು ತೋಳಿಗೆ ಮೆತ್ತಿದ ಬಿಳಿಯನ್ನು ಉಜ್ಜಿಕೊಂಡ. "ನೀವು ಸರಿಯಿಲ್ಲ ಅಂದಿದ್ದನ್ನ ಇಲ್ಲಿ ಯಾರು ಎರಡನೇ ಸಲ ನೋಡ್ತಾರೆ ಅಕ್ಕ?"

ಟಣ್ಣಕ್ಕನಿಗೆ ಜಗಳವಾಡಬೇಕೆನಿಸಿತು. ನಾನು ಎಲ್ಲಿ ಹಾಗಂದೆ, ಸುಳ್ಳು ಹೇಳಬೇಡ ಎನ್ನಬೇಕೆನಿಸಿತು. ಆದರೆ ಚಹಾದ ಸಾಲು, ಕೈಯಲ್ಲಿದ್ದ ಬಿಸಿ ಲೋಟ, ಬಾಯಿಂದ ಜಾರಿದ ಆ ಮಾತು ಒಂದೊಂದಾಗಿ ನೆನಪಿಗೆ ಬಂದವು. ಅವಳು ಕಿವಿಯಣ್ಣನ ಬಗ್ಗೆ ತೀರ್ಪು ಕೊಡಲು ಅಂದದ್ದಲ್ಲ. ಸುಮ್ಮನೆ ಅಂದದ್ದು. ಆ ಸುಮ್ಮನೆಯ ಮಾತು ಎರಕದವನಿಂದ ಭಟ್ಟಿಗೆ, ಭಟ್ಟಿಯಿಂದ ಬಣ್ಣದ ಮೇಜಿಗೆ, ಅಲ್ಲಿಂದ ಪ್ಯಾಕಿಂಗಿಗೆ ಉಪ್ಪು ಖಾರ ಹಚ್ಚಿಕೊಂಡು ಹೋಗಿ, ಎಂಟು ತಿಂಗಳ ಮೇಲೆ ಅಚ್ಚಾದ ಹಾಳೆಯಾಗಿ ಅವಳ ಕೈಗೇ ಬಂದಿತ್ತು. ಆರು ಗೆರೆಗಳೂ ಖಾಲಿ ಇದ್ದವು.

ಸಂಜೆ ಮನೆಯಲ್ಲಿ ಒಗೆದ ಬಟ್ಟೆ ಮಡಚುವಾಗ ಅವಳು ಒಂದೇ ಅಂಗಿಯನ್ನು ಮೂರು ಸಲ ಮಡಚಿದಳು. ಎದುರಿಗೆ ಕೂತು ಕಾಲುಚೀಲಗಳನ್ನು ಜೋಡಿ ಮಾಡುತ್ತಿದ್ದ ಗಂಡ ನೋಡಿಯೂ ನೋಡದವನಂತಿದ್ದ. ಅವನು ಬಸ್ ಓಡಿಸುವವನು. ಮುಂದೆ ಗಾಡಿ ನಿಂತರೆ ಹಾರ್ನ್ ಹೊಡೆಯದೆ ಕಾಯುವ ಅಪರೂಪದ ಜಾತಿಯವನು.

"ರೀ, ಅಮ್ಮ ಹೋದಾಗ ನಾನು ಅತ್ತಿದ್ನಾ?" ಎಂದು ಅವಳು ಕೇಳಿದಳು.

ಅವನು ಕಾಲುಚೀಲ ಕೆಳಗಿಟ್ಟ. "ಇಲ್ಲ. ನಾಲ್ಕನೇ ದಿನ ಕೆಲಸಕ್ಕೆ ಹೋದೆ. ಎಲ್ಲರೂ ಎಷ್ಟು ಗಟ್ಟಿ ಹೆಂಗಸು ಅಂದ್ರು."

"ನೀವು ಏನಂದ್ಕೊಂಡ್ರಿ?"

"ನಾನು ಕಾಯ್ತಾ ಇದ್ದೆ. ಇವತ್ತು ಅಳ್ತಾಳೆ, ನಾಳೆ ಅಳ್ತಾಳೆ ಅಂತ. ಆಮೇಲೆ ಕೇಳೋಕೆ ಭಯ ಆಯ್ತು. ಕೇಳಿದ್ರೆ ನಿನಗೆ ಅವಮಾನ ಆಗುತ್ತೇನೋ ಅಂತ ಸುಮ್ಮನಾದೆ."

ಎರಡು ವರ್ಷದಿಂದ ಈ ಮಾತನ್ನು ಮಡಚಿ ಇಟ್ಟುಕೊಂಡಿದ್ದನಲ್ಲ ಈ ಮನುಷ್ಯ ಎಂದು ಅವಳಿಗೆ ಅಚ್ಚರಿಯಾಯಿತು. ಅಮ್ಮ ಹೋದ ನಾಲ್ಕನೇ ದಿನ ಅವಳು ಹಲ್ಲು ಕಚ್ಚಿಕೊಂಡು ನಾನೂರು ಕಪ್ ತಟ್ಟಿದ್ದಳು. ಮ್ಯಾನೇಜರು ಎಲ್ಲರ ಮುಂದೆ ಹೊಗಳಿದ್ದರು. ಆ ಹೊಗಳಿಕೆಯ ಮೇಲೆ ಆಮೇಲೆ ಅಳುವುದಾದರೂ ಹೇಗೆ? ನಾನು ನುಂಗಿಕೊಂಡೆನಲ್ಲ, ಇವನಿಗೇನು ದೊಡ್ಡ ರೋಗ ಎಂಬ ಸಿಟ್ಟೇ ಅಂದು ಚಹಾದ ಸಾಲಿನಲ್ಲಿ ಬಾಯಿಂದ ಬಂದದ್ದು. ಅದು ಸಿಟ್ಟೂ ಅಲ್ಲ, ಹೊಟ್ಟೆಕಿಚ್ಚು ಎಂದು ಈಗ ಅವಳಿಗೆ ಗೊತ್ತಾಯಿತು, ನಾಚಿಕೆಯೂ ಆಯಿತು.

ಮರುದಿನ ಊಟದ ಗಂಟೆ ಹೊಡೆದಾಗ ಅವಳು ತನ್ನ ಡಬ್ಬಿಯನ್ನು ತೆಗೆದುಕೊಂಡು ನಾಲ್ಕು ಮೇಜು ದಾಟಿ ಕಿವಿಯಣ್ಣನ ಮುಂದೆ ಕೂತಳು. ಶೆಡ್ಡಿನ ಆ ತುದಿಯಿಂದ ಹತ್ತು ಕಣ್ಣುಗಳು ಇತ್ತ ತಿರುಗಿದವು. ಕಿವಿಯಣ್ಣ ಕೈ ತೊಳೆದು ಬಂದು, ಅವಳನ್ನು ನೋಡಿ, ತಾನೇ ತಪ್ಪು ಮೇಜಿಗೆ ಬಂದೆನೇನೋ ಎಂಬಂತೆ ನಿಂತ.

"ಕೂತ್ಕೊಳ್ಳಿ ಅಣ್ಣ. ನಿಮ್ಮ ಜಾಗಾನೇ ಇದು."

"ಏನು ತಂಗಿ, ಕಿವಿ ಏನಾದ್ರೂ ಸೊಟ್ಟ ಬಂತಾ?"

"ಇಲ್ಲ." ಡಬ್ಬಿಯ ಮುಚ್ಚಳವನ್ನು ತೆರೆಯದೆಯೇ ಅವಳು ಹೇಳಿದಳು. "ನಿಮ್ಮನ್ನ ಗೋದಾಮಿಗೆ ಹಾಕ್ತಾರಂತೆ."

"ಗೊತ್ತು. ಸುಳಿವು ಸಿಕ್ಕಿದೆ." ಅವನು ರೊಟ್ಟಿಯನ್ನು ಮುರಿದು ಮುರಿದು ಸಣ್ಣ ಚೂರು ಮಾಡಿದ. "ಅಳು ನಿಲ್ಲಿಸೋಕೆ ನೋಡಿದೆ ತಂಗಿ. ಆದ್ರೆ ಅಳ್ತಿದ್ದೀನಿ ಅಂತ ನನಗೇ ಗೊತ್ತಾಗಲ್ಲ. ಏಪ್ರನ್ ಒದ್ದೆ ಆದಾಗ ಗೊತ್ತಾಗುತ್ತೆ. ವಿಚಿತ್ರ ಏನಂದ್ರೆ ಮನೇಲಿ ಒಂದು ತೊಟ್ಟೂ ಬರಲ್ಲ. ಮನೇಲಿ ಗೋಡೆ ನೋಡ್ಕೊಂಡು ಕೂತಿರ್ತೀನಿ, ಕಲ್ಲಿನ ಹಾಗೆ. ಇಲ್ಲಿ ಬಂದು ಕೂತು, ನಿಮ್ಮ ಟಣ್ ಟಣ್ ಕೇಳಿ, ಎರಕದವನ ಹಾಡು ಕೇಳಿ, ಆ ಹುಡುಗಿ ತನ್ನಷ್ಟಕ್ಕೆ ತಾನೇ ಬೈಕೊಳ್ಳೋದು ಕೇಳಿದ್ರೆ ಒಳಗೆ ಏನೋ ಸಡಿಲ ಆಗುತ್ತೆ. ಜನ ಇದ್ದಾರೆ ಅಂತ ಕಣ್ಣಿಗೆ ಧೈರ್ಯ ಬರುತ್ತೇನೋ."

"ಗೋದಾಮಲ್ಲಿ?"

"ಅಲ್ಲಿ ಯಾರಿರ್ತಾರೆ ಹೇಳಿ? ರಟ್ಟು ಇರುತ್ತೆ." ಅವನು ಮೆಲ್ಲಗೆ ನಕ್ಕ. "ಅಲ್ಲಿ ನನ್ನ ಅಳು ನಿಂತು ಹೋಗುತ್ತೆ, ಅದು ಗ್ಯಾರಂಟಿ. ಎಲ್ಲರಿಗೂ ಸಮಾಧಾನ ಆಗಬಹುದು. ಆದ್ರೆ ನಾನು ಇಪ್ಪತ್ತನಾಲ್ಕು ಗಂಟೆಯೂ ಕಲ್ಲಾಗ್ತೀನಿ."

ಈ ಮನುಷ್ಯನಿಂದ ಏನನ್ನು ಕಿತ್ತುಕೊಳ್ಳಲು ತಾನು ಪೆನ್ನು ಹಿಡಿದು ಹೊರಟಿದ್ದೆ ಎಂಬುದು ಟಣ್ಣಕ್ಕನಿಗೆ ಆಗ ತಿಳಿಯಿತು. ಹೇಳದೆ ಬಿಟ್ಟರೆ ಇನ್ನೆಂದೂ ಹೇಳಲಾರೆ ಎನಿಸಿತು.

"ಅಣ್ಣ, ಇದನ್ನ ಶುರು ಮಾಡಿದ್ದು ನಾನೇ. ನೀವು ಅಳೋದು ಸರಿಯಿಲ್ಲ ಅಂತ ಮೊದಲು ಅಂದವಳು ನಾನು. ಬಾಯಿಗೆ ಬಂದಿದ್ದು ಅಂದೆ. ಎಲ್ಲರೂ ಅದನ್ನೇ ಹಿಡ್ಕೊಂಡ್ರು."

ಕಿವಿಯಣ್ಣ ಕೈಯಲ್ಲಿದ್ದ ರೊಟ್ಟಿಯ ಚೂರನ್ನು ಕೆಳಗಿಟ್ಟ. ಬೇಸರವಾಗಿದ್ದು ಮುಖದಲ್ಲಿ ಕಂಡಿತು. ಅವನು ದೇವರಲ್ಲ, ಎಂಟು ತಿಂಗಳು ಒಬ್ಬನೇ ಕೂತು ಉಂಡವನು. ಎದ್ದು ಹೋಗಿ ನೀರು ಕುಡಿದು ಬಂದ. ಆಮೇಲೆ ತನ್ನ ಡಬ್ಬಿಯಿಂದ ಅರ್ಧ ರೊಟ್ಟಿ ಎತ್ತಿ ಅವಳ ಮುಚ್ಚಳದ ಮೇಲಿಟ್ಟ.

"ಗಟ್ಟಿಯಾಗಿದೆ. ನನಗೆ ಇನ್ನೂ ಮಾಡೋಕೆ ಬರಲ್ಲ," ಎಂದ. "ತಿನ್ನಿ."

ಅವಳು ತಿಂದಳು. ನಿಜಕ್ಕೂ ಗಟ್ಟಿಯಾಗಿತ್ತು.

ಮೂರು ಗಂಟೆಗೆ ಅವಳು ಗಾಜಿನ ಕೋಣೆಗೆ ಹೋಗಿ ಹಾಳೆಯನ್ನು ಮ್ಯಾನೇಜರ ಮುಂದಿಟ್ಟಳು. ಅವರು ಓದಿದರು. "ಯಾರಿಗೆ ತೊಂದರೆ" ಎಂಬ ಅಂಕಣದಲ್ಲಿ ಒಂದೇ ಹೆಸರು, ಒಂದೇ ಸಹಿ ಇತ್ತು.

"ಇದೇನಕ್ಕ, ನಿಮ್ಮ ಹೆಸರೇ ಬರೆದಿದ್ದೀರಿ?"

"ಶೆಡ್ಡೆಲ್ಲ ಕೇಳಿದೆ ಸಾರ್. ಅತ್ತಿಗೆಗೆ ತೊಂದರೆ ಇಲ್ಲ, ಹುಡುಗಿಗಂತೆ. ಹುಡುಗಿಗೆ ಇಲ್ಲ, ಭಟ್ಟಿಯಣ್ಣನಿಗಂತೆ. ಭಟ್ಟಿಯಣ್ಣನಿಗೆ ಇಲ್ಲವೇ ಇಲ್ಲ. ಎಲ್ಲರೂ ಬೇರೆಯವರ ಪರವಾಗಿ ಕಷ್ಟಪಡ್ತಾ ಇದ್ರು. ಹುಡುಕ್ತಾ ಹೋದ್ರೆ ನಿಜವಾಗಿ ತೊಂದರೆ ಆದವಳು ನಾನೊಬ್ಬಳೇ ಸಿಕ್ಕಿದೆ."

"ಸರಿ, ಏನು ತೊಂದರೆ ಅಂತ ಬರೆದಿಲ್ಲವಲ್ಲ?"

"ಅವರನ್ನ ನೋಡಿದ್ರೆ ನನಗೆ ನಮ್ಮಮ್ಮನ ನೆನಪಾಗುತ್ತೆ. ಅದು ತೊಂದರೆ." ಅವಳು ಹಾಳೆಯನ್ನು ಅವರ ಕಡೆಗೆ ಇನ್ನಷ್ಟು ಸರಿಸಿದಳು. "ತೊಂದರೆ ನನ್ನದು ಅಂದಮೇಲೆ ಜಾಗ ಬಿಡಬೇಕಾದವಳೂ ನಾನೇ ತಾನೆ? ಗೋದಾಮಿಗೆ ನನ್ನ ಹಾಕಿ."

"ನಿಮ್ಮನ್ನ ಹಾಕಿದ್ರೆ ಕಪ್ ಯಾರು ನೋಡ್ತಾರೆ?"

"ಅವರನ್ನ ಹಾಕಿದ್ರೆ ಕಿವಿ ಯಾರು ಅಂಟಿಸ್ತಾರೆ? ಅದನ್ನೂ ಯೋಚಿಸಿರಲಿಲ್ಲ ನಾವು."

ಮ್ಯಾನೇಜರು ಮುಚ್ಚಳ ಹಾಕಿದರು, ತೆಗೆದರು. "ಅಕ್ಕ, ನೀವು ಹೇಳೋದು ನನಗೆ ಅರ್ಥ ಆಗಲ್ಲ ಅಂತಲ್ಲ. ಆದ್ರೆ ಮುಂದಿನ ವಾರ ಬರೋರಿಗೆ ನಾನು ಏನು ಹೇಳಲಿ? ಬಂದೋರು ಮುಖ ನೋಡ್ತಾರೆ. ಮೇಲಿನವರು ನನ್ನ ಕೇಳ್ತಾರೆ. ಎಲ್ಲದಕ್ಕೂ ಒಂದು ಹೆಸರು ಕೊಟ್ಟು ಫೈಲ್ ಮಾಡದೆ ಇದ್ರೆ ನನ್ನ ಕುರ್ಚಿ ಉಳಿಯಲ್ಲ."

"ಇದಕ್ಕೆ ಹೆಸರು ಇದೆಯಲ್ಲ ಸಾರ್. ದುಃಖ."

ಒಂದೇ ಸಹಿಗೆ ವರದಿ ನಿಲ್ಲುವುದಿಲ್ಲ, ನೋಡೋಣ ಎಂದಷ್ಟೇ ಹೇಳಿ ಮ್ಯಾನೇಜರು ಹಾಳೆಯನ್ನು ಡ್ರಾಯರಿಗೆ ಹಾಕಿದರು. ಅದು ಹೌದು ಎಂದೋ ಇಲ್ಲ ಎಂದೋ ಅವಳಿಗೆ ತಿಳಿಯಲಿಲ್ಲ.

ಆ ವಾರ ಊಟದ ಹೊತ್ತಿಗೆ ಎರಕದವನು ಏನನ್ನೂ ಹೇಳದೆ ತನ್ನ ಹಳೆಯ ಜಾಗಕ್ಕೆ, ಕಿವಿಯಣ್ಣನ ಪಕ್ಕಕ್ಕೆ ಬಂದು ಕೂತ. ಮರುದಿನ ಭಟ್ಟಿಯಣ್ಣ ಬಂದ. ಕೆಲವರು ಬರಲಿಲ್ಲ, ಅಳುಮುಂಜಿಗೆ ಈಗ ಪರಿವಾರ ಬೇರೆ ಎಂದು ಮೂಗು ಮುರಿದವರೂ ಇದ್ದರು. ಕಿವಿಯಣ್ಣ ಮಾತ್ರ ಗೋದಾಮಿನ ಆದೇಶ ಇವತ್ತು ಬರುತ್ತೆ, ನಾಳೆ ಬರುತ್ತೆ ಎಂದು ದಿನವೂ ಬಾಗಿಲ ಕಡೆಗೆ ನೋಡುತ್ತಲೇ ಕೆಲಸ ಮಾಡಿದ.

ಆದೇಶ ಬರುವ ಮೊದಲೇ ಖರೀದಿದಾರರು ಬಂದರು. ಇಬ್ಬರು ಗಂಡಸರು, ಒಬ್ಬ ಹೆಂಗಸು. ಮ್ಯಾನೇಜರು ಇಸ್ತ್ರಿ ಮಾಡಿದ ಅಂಗಿಯಲ್ಲಿ ಮುಂದೆ ಮುಂದೆ ನಡೆಯುತ್ತ ಎರಕ ತೋರಿಸಿದರು, ಭಟ್ಟಿ ತೋರಿಸಿದರು. ಕಿವಿಯಣ್ಣನ ಮೇಜು ಬಂದಾಗ ಹೆಜ್ಜೆ ಚುರುಕು ಮಾಡಿದರು. ಆದರೆ ಆ ಹೆಂಗಸು ನಿಂತುಬಿಟ್ಟರು. ಕಿವಿಯಣ್ಣ ತಲೆ ತಗ್ಗಿಸಿ ಹಿಡಿಯೊಂದನ್ನು ಒತ್ತಿ ಹಿಡಿದಿದ್ದ. ಕಣ್ಣಿಂದ ನೀರು ಎಂದಿನಂತೆ ಇಳಿಯುತ್ತಿತ್ತು.

"ಇವರು ಯಾಕೆ ಅಳ್ತಾ ಇದ್ದಾರೆ?" ಎಂದು ಆಕೆ ಕೇಳಿದರು.

ಟಣ್ಣಕ್ಕನ ಕಡ್ಡಿ ನಿಂತಿತು. ಶೆಡ್ಡಿನ ಒಂದೊಂದೇ ಸದ್ದು ನಿಂತಿತು. ಮ್ಯಾನೇಜರ ಕೈ ಜೇಬಿನಲ್ಲಿ ಪೆನ್ನನ್ನು ಹುಡುಕಿತು. ಧೂಳು ಎಂಬ ಮಾತು ಅವರ ನಾಲಗೆಯ ತುದಿಯಲ್ಲಿದ್ದುದು ಟಣ್ಣಕ್ಕನಿಗೆ ಅಷ್ಟು ದೂರಕ್ಕೂ ಕಂಡಿತು.

"ಇವರ ಹೆಂಡತಿ ತೀರಿಕೊಂಡ್ರು," ಎಂದರು ಮ್ಯಾನೇಜರು. "ಅದಕ್ಕೆ ಅಳ್ತಾರೆ."

"ಓ," ಎಂದರು ಆಕೆ. ಆಮೇಲೆ ಮ್ಯಾನೇಜರನ್ನು ಬಿಟ್ಟು ಕಿವಿಯಣ್ಣನ ಕಡೆಗೇ ತಿರುಗಿದರು. "ಹೇಗಿದ್ರು ಅವರು?"

ಕಿವಿಯಣ್ಣ ಹಸಿ ಕಪ್ಪನ್ನು ಹಲಗೆಯ ಮೇಲೆ ಜೋಪಾನವಾಗಿಟ್ಟ. ಹನ್ನೊಂದು ತಿಂಗಳಲ್ಲಿ ಎಷ್ಟು ದಿನ ಅಳುತ್ತೀಯ ಎಂದು ಕೇಳಿದವರು ಇದ್ದರು, ಇದನ್ನು ಕೇಳಿದವರಿರಲಿಲ್ಲ. ಅವನು ಯೋಚಿಸಿ ಹೇಳಿದ.

"ಜಗಳಗಂಟಿ ಮೇಡಂ. ಒಳ್ಳೇ ಜಗಳಗಂಟಿ. ಸಾರಿಗೆ ಉಪ್ಪು ಕಡಿಮೆ ಅಂದ್ರೆ ಉಪ್ಪಿನ ಡಬ್ಬೀನೇ ತಂದು ಮುಂದೆ ಕುಕ್ಕೋಳು. ಮೂವತ್ತು ವರ್ಷದಲ್ಲಿ ಒಂದು ಸಲಾನೂ ನಾನು ಗೆದ್ದಿಲ್ಲ."

ಎರಕದವನಿಗೆ ನಗು ತಡೆಯಲಾಗಲಿಲ್ಲ. "ಆ ಛತ್ರಿ ಜಗಳ ಹೇಳಿ ಅಣ್ಣ!" ಎಂದು ಅಲ್ಲಿಂದಲೇ ಕೂಗಿದ. ಭಟ್ಟಿಯಣ್ಣ ನಕ್ಕ. ಆಕೆ ನಕ್ಕರು, ಮ್ಯಾನೇಜರೂ ನಕ್ಕರು. ಕಿವಿಯಣ್ಣ ಕೂಡ ನಗುತ್ತಿದ್ದ, ನೀರು ಇಳಿಯುತ್ತಲೇ ಇತ್ತು, ಅವನು ಛತ್ರಿಯ ಕಥೆ ಶುರು ಮಾಡಿದ.

ನಾಲ್ಕು ಮೇಜಿನಾಚೆ ಟಣ್ಣಕ್ಕನೂ ನಗುತ್ತಿದ್ದಳು. ಅವಳ ಅಮ್ಮನೂ ಜಗಳಗಂಟಿಯೇ. ನಗುತ್ತ ನಗುತ್ತ ಯಾವಾಗ ಅದು ನಗುವಾಗಿ ಉಳಿಯಲಿಲ್ಲವೋ ಅವಳಿಗೆ ತಿಳಿಯಲಿಲ್ಲ. ಕೈಯಲ್ಲಿದ್ದ ಕಪ್ ಮಬ್ಬಾಯಿತು. ಒರೆಸಿಕೊಳ್ಳಲು ಸೆರಗಿಗೆ ಕೈ ಹಾಕಿದವಳು ಹಾಗೆಯೇ ಬಿಟ್ಟಳು. ಹತ್ತೊಂಬತ್ತು ವರ್ಷದಲ್ಲಿ ಟಣ್ಣಕ್ಕ ಅಳುವುದನ್ನು ಶೆಡ್ಡು ನೋಡಿದ್ದು ಅದೇ ಮೊದಲು.

ಗೀಟಿನ ಹುಡುಗಿ ಪಕ್ಕದ ಮೇಜಿನಿಂದ ನೋಡಿದಳು. ಯಾರನ್ನೂ ಕೂಗಲಿಲ್ಲ, ಏನಾಯಿತು ಎಂದು ಗಾಬರಿಯಾಗಲೂ ಇಲ್ಲ. ಕುಂಚ ಕೆಳಗಿಟ್ಟು ಬಂದು, ಟಣ್ಣಕ್ಕನ ಮುಂದಿದ್ದ ಕಪ್‌ಗಳ ಹಲಗೆಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.

"ನೀವು ಅತ್ಕೊಳ್ಳಿ ಅಕ್ಕ," ಎಂದಳು. "ಅಷ್ಟರಲ್ಲಿ ನಾನು ಇವನ್ನ ಒರೆಸಿ ಇಡ್ತೀನಿ."